ಜೂನ್ ತಿಂಗಳಲ್ಲೂ ಮಾವು ಇರುತ್ತದೆ: ಬೆಂಗಳೂರಿನ ನೆರೆಹೊರೆಯವರಿಗೆ ಒಂದು ಬಹಿರಂಗ ಪತ್ರ

ಯುಗಾದಿಗೆ ಕಟ್ಟಿದ ತೋರಣ ಒಣಗುವ ಮೊದಲೇ ಮಾವಿನ ಹಣ್ಣು ಬಂತೇ ಎಂದು ವಿಚಾರಿಸುವ ನನ್ನ ಬೀದಿಯವರೇ, ಎದುರು ಅಪಾರ್ಟ್‌ಮೆಂಟಿನವರೇ, ಸಂಜೆ ತಳ್ಳುಗಾಡಿಯ ಮುಂದೆ ನಿಂತು ಹಣ್ಣು ಒತ್ತಿ ನೋಡುವ ಸಮಸ್ತ ಬೆಂಗಳೂರಿನವರೇ,

ನಮಸ್ಕಾರ.

ಈ ಪತ್ರವನ್ನು ಮಂತ್ರಿಗಳಿಗೋ ಅಧಿಕಾರಿಗಳಿಗೋ ಬರೆಯಬೇಕೆಂದು ಮೊದಲು ಕೂತಿದ್ದೆ. ವಿಳಾಸ ಬರೆದು, 'ಮಾನ್ಯರೇ' ಎಂದು ಹಾಕಿ, ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ನಿಂತುಹೋಯಿತು. ಅವರಿಗೆ ಹೇಳಬೇಕಾದದ್ದನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವು ಬೆಳೆಯುವ ರೈತರು ರಸ್ತೆಗಿಳಿದು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಉಳಿದದ್ದು ನಿಮಗೆ ಹೇಳಬೇಕಾದ ಮಾತು. ನಿಮಗೆ ಎನ್ನುವಾಗ ಆ ಲೆಕ್ಕದಲ್ಲಿ ನಾನೂ ಇದ್ದೇನೆ, ನನ್ನ ಹೆಂಡತಿ ಮಕ್ಕಳೂ ಇದ್ದಾರೆ.

ಕಳೆದ ವರ್ಷ, ಅಂದರೆ 2025ರ ಜೂನ್ ಮುಗಿಯುತ್ತ ಬಂದಿದ್ದ ಒಂದು ಸೋಮವಾರ, ನಾನು ಶ್ರೀನಿವಾಸಪುರದಲ್ಲಿ ಸುಮಾರು ಎರಡೂವರೆ ಗಂಟೆ ಇದ್ದೆ. ಇರಬೇಕೆಂದು ಇದ್ದದ್ದಲ್ಲ. ಮದನಪಲ್ಲಿಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು, ಕೋಲಾರದ ನನ್ನ ಸೋದರತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ರಾಯಲ್ಪಾಡಿನ ಕಡೆಯಿಂದ ಬರುತ್ತಿದ್ದೆ. ಊರು ಇನ್ನೇನು ಸಿಕ್ಕಿತು ಅನ್ನುವಾಗ ಕಾರಿನ ಹಿಂದಿನ ಎಡಗಡೆಯ ಚಕ್ರ ಕೂತುಬಿಟ್ಟಿತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ, ಅದನ್ನು ನೋಡಿ ಎಷ್ಟು ತಿಂಗಳಾಗಿತ್ತೋ ದೇವರಿಗೇ ಗೊತ್ತು. ಅತ್ತೆ ಏನೂ ಅನ್ನಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಯಾರೋ ಪುಣ್ಯಾತ್ಮರು ದೂಡಿಕೊಟ್ಟು, ತೆವಳುತ್ತ ಪಂಕ್ಚರ್ ಅಂಗಡಿ ಮುಟ್ಟಿದೆವು. ಅಂಗಡಿಯವನು ಊಟಕ್ಕೆ ಹೋಗಿದ್ದ. ಕಾವಲಿದ್ದ ಹುಡುಗ ಮೊಬೈಲಿನಿಂದ ತಲೆ ಎತ್ತದೆ, ಬರುತ್ತಾರೆ, ಕೂತ್ಕೊಂಡಿರಿ ಎಂದ.

ಶ್ರೀನಿವಾಸಪುರವನ್ನು ನಿಮ್ಮಲ್ಲಿ ಬಹಳ ಜನ ನೋಡಿರಲಾರಿರಿ. ನೋಡುವುದಕ್ಕೆ ಅಲ್ಲಿ ಕೋಟೆಯಿಲ್ಲ, ಜಲಪಾತವಿಲ್ಲ. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸು, ಕೋಲಾರದಿಂದ ಇಪ್ಪತ್ತೈದರ ಹತ್ತಿರ. ಹಿಂದೆ ಚಿಕ್ಕ ಹಳಿಯ ರೈಲು ಓಡುತ್ತಿದ್ದ ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ ಈ ಊರಿನ ಮೇಲೆಯೇ ಹೋಗುತ್ತದೆ, 2013ರಲ್ಲಿ ದೊಡ್ಡ ಹಳಿ ಬಂತು. ಊರಿನ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆ ಮುಗಿಸಿ ಮರಳುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಈ ಊರಿಗೆ ಇಟ್ಟರೆಂದು ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. ದಾರಿಹೋಕರೊಬ್ಬರು ಹೆಸರು ಕೊಟ್ಟು ಹೋದ ಊರು. ನಾನು ಕೊಟ್ಟದ್ದು ಪಂಕ್ಚರ್ ಹಾಕಿದ್ದಕ್ಕೆ ಕೂಲಿ, ಅಷ್ಟೇ.

ಆದರೆ ಮಾವಿನ ಲೆಕ್ಕದಲ್ಲಿ ಈ ಊರು ಸಣ್ಣದಲ್ಲ. ಕರ್ನಾಟಕದಲ್ಲಿ ಅತಿ ಹೆಚ್ಚು ಮಾವು ಬೆಳೆಯುವ ಜಿಲ್ಲೆ ಕೋಲಾರ, ಕೋಲಾರ ಜಿಲ್ಲೆಯಲ್ಲಿ ಅತಿ ಹೆಚ್ಚು ಬೆಳೆಯುವ ತಾಲ್ಲೂಕು ಶ್ರೀನಿವಾಸಪುರ. ರಾಯಲ್ಪಾಡಿನಿಂದ ಬರುವ ದಾರಿಯುದ್ದಕ್ಕೂ ಎರಡೂ ಕಡೆ ತೋಪುಗಳೇ. ಕೆಂಪು ಮಣ್ಣು, ಸಾಲು ಹಿಡಿದು ನಿಂತ ಗುಂಡನೆಯ ಮರಗಳು, ಅಲ್ಲಲ್ಲಿ ಕೊಂಬೆಗೆ ನೇತುಹಾಕಿದ ಪ್ಲಾಸ್ಟಿಕ್ ಬಾಟಲಿಗಳು. ಬಾಟಲಿಗಳು ಯಾಕೆಂದು ನಾನು ಕೇಳಿದೆ. ಹಣ್ಣುನೊಣ ಹಿಡಿಯುವುದಕ್ಕೆ, ಗಂಡು ನೊಣಗಳು ವಾಸನೆಗೆ ಬಂದು ಒಳಗೆ ಬೀಳುತ್ತವೆ ಎಂದು ಅತ್ತೆ ಹೇಳಿದರು. ಅವರು ಮದುವೆಯಾಗಿ ಕೋಲಾರ ಸೇರಿ ನಲವತ್ತು ವರ್ಷ ಮೀರಿದೆ. ತೆಲುಗು ಅವರ ನಾಲಿಗೆಯಲ್ಲಿ ಕನ್ನಡದಷ್ಟೇ ಸಲೀಸು, ಅಲ್ಲಿ ಎಲ್ಲರಿಗೂ ಹಾಗೆಯೇ.

ಈ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳಿದ್ದವು, ಒಂದೊಂದಾಗಿ ಬತ್ತಿದವು. ಕೊಳವೆಬಾವಿ ಸಾವಿರ ಅಡಿ ದಾಟಿತು. ಬೆಂಗಳೂರಿನ ಚರಂಡಿಯ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದಾಗ ಪರವಾಗಿಯೂ ವಿರೋಧವಾಗಿಯೂ ಎಷ್ಟು ಮಾತು ಬಂದವೆಂದು ನಿಮಗೆ ನೆನಪಿರಬಹುದು. ನಾವು ಸ್ನಾನ ಮಾಡಿ ಬಿಟ್ಟ ನೀರು ಅವರ ಕೆರೆಗೆ, ಅವರ ಹಣ್ಣು ನಮ್ಮ ತಟ್ಟೆಗೆ. ಇರಲಿ, ಅದು ಬೇರೆ ಪತ್ರಕ್ಕಾಗುವ ವಿಷಯ. ಇಲ್ಲಿ ಹೇಳಬೇಕಾದದ್ದು ಇಷ್ಟು: ಮೊದಲ ಕೆಲವು ವರ್ಷ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಯನ್ನು ಬದುಕಿಸಿಕೊಂಡರೆ, ಆಮೇಲೆ ಮಳೆಯನ್ನೇ ನಂಬಿ ಮಾವು ನಿಲ್ಲುತ್ತದೆ. ಅಲ್ಲಿಯವರು ಮಾವು ಹಾಕಿದ್ದು ಹಣದಾಸೆಗಿಂತ ಹೆಚ್ಚಾಗಿ ಬೇರೆ ದಾರಿಯಿಲ್ಲದೆ. ಒಂದು ಸಲ ಮರ ಬೆಳೆದ ಮೇಲೆ, ಈ ವರ್ಷ ಬೆಲೆಯಿಲ್ಲ, ಮುಂದಿನ ವರ್ಷ ಟೊಮೆಟೊ ಹಾಕೋಣ ಎನ್ನುವ ಹಾಗೂ ಇಲ್ಲ.

ಪಂಕ್ಚರ್ ಅಂಗಡಿಯ ಎದುರಿಗೆ ರಸ್ತೆಯಂಚಿನಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಟ್ರೇಲರ್ ತುಂಬ ತೋತಾಪುರಿ. ಹಸಿರು, ಅಲ್ಲಲ್ಲಿ ಬೆನ್ನಿನ ಮೇಲೆ ತೆಳುವಾಗಿ ಕೆಂಪು, ತುದಿಯಲ್ಲಿ ಗಿಣಿಯ ಕೊಕ್ಕು. ಯಾವುದೂ ಅಲುಗುತ್ತಿರಲಿಲ್ಲ. ಮಧ್ಯಾಹ್ನ ಎರಡರ ಬಿಸಿಲಿಗೆ ಅಂಗಡಿಗಳು ಅರ್ಧ ಷಟರ್ ಇಳಿಸಿದ್ದವು, ಒಂದು ನಾಯಿ ಟ್ರೇಲರಿನ ನೆರಳಿನಲ್ಲಿ ಮಲಗಿತ್ತು. ಸುಗ್ಗಿಯ ಕಾಲದಲ್ಲಿ ಇಂಥ ಊರು ಗಿಜಿಗುಡುತ್ತಿರಬೇಕು ಎಂದುಕೊಂಡಿದ್ದೆ. ಇದು ಸುಗ್ಗಿಯೇ, ಆದರೆ ಕೊಳ್ಳುವವರಿಲ್ಲದ ಸುಗ್ಗಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆ ಕಾರಿನಿಂದಿಳಿದು ಟ್ರೇಲರಿನ ಹತ್ತಿರ ಹೋದರು. ಅಲ್ಲಿ ಟವೆಲು ಹೊದ್ದು ಕೂತಿದ್ದ ಯಜಮಾನರು ಸ್ವಲ್ಪ ಸರಿದು, "ಕೂರ್ಚೋಂಡಮ್ಮಾ" ಎಂದು ಜಾಗ ಮಾಡಿಕೊಟ್ಟರು. ಇಬ್ಬರಿಗೂ ಪರಿಚಯವಾಗಲು ಎರಡು ನಿಮಿಷ ಸಾಕಾಯಿತು: ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು. ಆಮೇಲೆ ಅವರು ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು.

"ಸ್ವಾಮಿಯವರು ಬೆಂಗಳೂರೋ?"

"ಹೌದು."

"ನೀವು ಮಾವು ತಿಂದು ಮುಗಿಸಿದಿರಿ, ಅಲ್ಲವೇ?"

ಕೊಂಕಾಗಿ ಹೇಳಿದ್ದಲ್ಲ, ಊಟ ಆಯಿತೇ ಎಂದು ಕೇಳುವಂತೆ ಕೇಳಿದರು. ನಾನು ಇನ್ನೂ ಇಲ್ಲ ಎನ್ನಲು ಬಾಯಿ ತೆರೆದು ಸುಮ್ಮನಾದೆ. ಯಾಕೆಂದರೆ ಮುಗಿಸಿದ್ದೆವು. ನಮ್ಮ ಮನೆಯಲ್ಲಿ ಏಪ್ರಿಲ್ ಮೊದಲ ವಾರ ಮೊದಲ ಮಾವು ಬಂದಿತ್ತು, ಕಿಲೋಗೆ ಬಾಯಿಬಿಟ್ಟು ಹೇಳಲಾಗದಷ್ಟು ಕೊಟ್ಟು. ಬಣ್ಣ ಬಂಗಾರದಂತಿತ್ತು, ಒಳಗೆ ವಾಟೆಯ ಸುತ್ತ ಬಿಳಿ. ಆದರೂ 'ಈ ವರ್ಷದ ಮೊದಲನೆಯದು' ಎಂದು ಚಪ್ಪರಿಸಿಕೊಂಡು ತಿಂದೆವು. ಮೇ ತಿಂಗಳಿಡೀ ಬಾದಾಮಿ, ರಸಪುರಿ. ಮೇ ಕೊನೆಗೆ ನಾಲ್ಕು ಹನಿ ಮಳೆ ಬಿತ್ತು, ಮಕ್ಕಳ ಶಾಲೆ ಶುರುವಾಯಿತು, ನನ್ನ ಹೆಂಡತಿ 'ಇನ್ನು ಸಾಕು, ಮಳೆ ಬಿದ್ದ ಮೇಲೆ ಹಣ್ಣಲ್ಲಿ ಹುಳ' ಎಂದಳು. ನಾನೂ ಹೂಂ ಎಂದೆ. ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದದ್ದು ನೇರಳೆ ಹಣ್ಣು.

ಯಜಮಾನರ ಮಾತಿನ ಹಿಂದಿನ ಲೆಕ್ಕ ನನಗೆ ಆಮೇಲೆ ಬಿಡಿಬಿಡಿಯಾಗಿ ಅರ್ಥವಾಯಿತು. ರಾಮನಗರದ ಕಡೆ ಏಪ್ರಿಲ್‌ನಲ್ಲೇ ಕಾಯಿ ಬಲಿತು ಕೊಯ್ಲು ಶುರುವಾಗುತ್ತದೆ. ಕೋಲಾರದ್ದು ತಡ, ಮೇ ಅರ್ಧ ಕಳೆದ ಮೇಲೆ ಆರಂಭ, ಜೂನ್ ಪೂರ್ತಿ, ನೀಲಂ ಜಾತಿಯಾದರೆ ಜುಲೈವರೆಗೂ. ಅಂದರೆ ಅವರ ಮರದಲ್ಲಿ ಹಣ್ಣಾಗುವ ಹೊತ್ತಿಗೆ ನಮ್ಮ ನಾಲಿಗೆ ದಣಿದಿರುತ್ತದೆ. ನಾವು ಏಪ್ರಿಲ್‌ನಲ್ಲಿ ಅವಸರ ಮಾಡಿದ್ದಕ್ಕೆ ಒಬ್ಬ ವ್ಯಾಪಾರಿ ಬಲಿಯದ ಕಾಯಿಯನ್ನು ಕೊಯ್ಯಿಸುತ್ತಾನೆ. ಜೂನ್‌ನಲ್ಲಿ ಸಾಕು ಎಂದದ್ದಕ್ಕೆ ಇನ್ನೊಬ್ಬ ರೈತ ಬಲಿತ ಹಣ್ಣನ್ನು ರಸ್ತೆಗೆ ಸುರಿಯುತ್ತಾನೆ. ಇಬ್ಬರ ಮುಂದೆಯೂ ನಿಂತಿರುವ ಗಿರಾಕಿ ಒಬ್ಬನೇ. ನಾನು ಹೇಳಹೊರಟದ್ದು ಇದಿಷ್ಟೇ. ಓದುವುದಕ್ಕೆ ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಿ ಜೂನ್ ತಿಂಗಳಲ್ಲಿ ಹಣ್ಣಿನ ಅಂಗಡಿಗೆ ಹೋದರೂ ನನಗೆ ಸಂತೋಷವೇ.

ತೋತಾಪುರಿಯ ಕಥೆ ಬೇರೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶ್ರೀನಿವಾಸಪುರದ ತೋಪುಗಳಲ್ಲಿ ದೊಡ್ಡ ಪಾಲು ಇದೇ ಜಾತಿ. ಸಿಪ್ಪೆ ದಪ್ಪ, ಬೇಗ ಕೊಳೆಯುವುದಿಲ್ಲ, ಇಳುವರಿ ಹೆಚ್ಚು, ತಿರುಳು ಗಟ್ಟಿ. ತಟ್ಟೆಯ ಹಣ್ಣಿಗಿಂತ ಕಾರ್ಖಾನೆಗೇ ಇದು ಹೆಚ್ಚು ಒಗ್ಗುತ್ತದೆ. ನಾವು ವರ್ಷವಿಡೀ ಪ್ಲಾಸ್ಟಿಕ್ ಬಾಟಲಿಯಲ್ಲಿ ಕುಡಿಯುವ ಮಾವಿನ ಪಾನೀಯಗಳಲ್ಲಿ ಹೆಚ್ಚಾಗಿ ಇರುವುದು ತೋತಾಪುರಿಯ ತಿರುಳೇ. ಆ ತಿರುಳು ತೆಗೆಯುವ ಕಾರ್ಖಾನೆಗಳು ಬಹುಮಟ್ಟಿಗೆ ಇರುವುದು ಗಡಿಯಾಚೆ, ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ. ಕೋಲಾರದ ಕಾಯಿ ಲಾರಿ ಹತ್ತಿ ಅಲ್ಲಿಗೆ ಹೋಗಬೇಕು.

2025ರಲ್ಲಿ ಮೂರೂ ರಾಜ್ಯಗಳಲ್ಲಿ ಫಸಲು ಭರ್ತಿ, ಕಾರ್ಖಾನೆಗಳಿಗೆ ಬೇಕಾದದ್ದು ಕಡಿಮೆ. ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ತಮ್ಮ ಜಿಲ್ಲೆಗೆ ಬರಕೂಡದೆಂದು ಆದೇಶಿಸಿತು. ಅಲ್ಲಿನ ಸರ್ಕಾರ ತನ್ನ ರೈತರಿಗೆ ಕಿಲೋಗೆ 12 ರೂಪಾಯಿ ಸಿಗುವಂತೆ ಲೆಕ್ಕ ಹಾಕಿತ್ತು, ಕಾರ್ಖಾನೆಯವರಿಂದ 8, ಸರ್ಕಾರದಿಂದ 4. ನಮ್ಮ ಕಾಯಿ ಅಗ್ಗಕ್ಕೆ ನುಗ್ಗಿದರೆ ಆ ಲೆಕ್ಕ ಕೆಡುತ್ತದೆ ಎಂಬುದು ಅವರ ಭಯ. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ, ಅಲ್ಲಿಯ ರೈತನೂ ರೈತನೇ. ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಶ್ರೀನಿವಾಸಪುರದಲ್ಲಿ ಬಂದ್ ಆಯಿತು, ರೈತರು ಹಣ್ಣನ್ನು ರಸ್ತೆಗೆ ಸುರಿದರು. ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಕ್ವಿಂಟಲ್‌ಗೆ 1,616 ರೂಪಾಯಿ ನಿಗದಿ ಮಾಡಿ, ಮಾರುಕಟ್ಟೆ ಬೆಲೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ತಾನು ಅರ್ಧ, ರಾಜ್ಯ ಅರ್ಧ ಕೊಡುವುದೆಂದು ಒಪ್ಪಿತು. ಕಿಲೋಗೆ 16 ರೂಪಾಯಿ 16 ಪೈಸೆ. ನಮ್ಮ ಬೀದಿಯ ಕೊನೆಯ ಹೋಟೆಲಿನಲ್ಲಿ ಅಷ್ಟಕ್ಕೆ ಒಂದು ಲೋಟ ಕಾಫಿ ಬರುವುದಿಲ್ಲ.

ಟ್ರೇಲರಿನ ಮೇಲೆ ಕೂತಿದ್ದ ಯಜಮಾನರಿಗೆ ಈ ಅಂಕಿಗಳೆಲ್ಲ ಗೊತ್ತಿದ್ದವು, ನನಗಿಂತ ಚೆನ್ನಾಗಿ. ಆದರೆ ಅವರು ಲೆಕ್ಕ ಹಾಕಿದ್ದು ಬೆರಳಿನಲ್ಲಿ. ಹೆಬ್ಬೆರಳು ಔಷಧಿ ಹೊಡೆದದ್ದಕ್ಕೆ. ಹೂ ಬಿಡುವಾಗ ಜಿಗಿಹುಳ, ಬೂದಿರೋಗ, ಒಂದಲ್ಲ ಎರಡಲ್ಲ ನಾಲ್ಕು ಸಲ. ಎರಡನೆಯ ಬೆರಳು ಕೊಯ್ಲಿನ ಕೂಲಿಗೆ. ದೋಟಿ ಹಿಡಿದು ಕೊಯ್ಯುವವರು ಈಗ ಸಿಗುವುದಿಲ್ಲ, ಸಿಕ್ಕರೆ ಊಟ ಕಾಫಿ ಕೊಟ್ಟು ಕರೆತರಬೇಕು. ಮೂರನೆಯದು ಟ್ರ್ಯಾಕ್ಟರ್ ಬಾಡಿಗೆ. ನಾಲ್ಕನೆಯದು ದಲ್ಲಾಳಿ. ಕಿರುಬೆರಳು ಉಳಿಯಿತು. ಅದನ್ನು ಮಡಚದೆ ಹಾಗೆಯೇ ಹಿಡಿದು ತೋರಿಸಿ ನಕ್ಕರು.

"ಬೆಳಿಗ್ಗೆ ಆರಕ್ಕೆ ಬಂದು ಸಾಲಿನಲ್ಲಿ ನಿಂತದ್ದು. ವಾಪಸು ಹೋದರೆ ಬಾಡಿಗೆ ಎರಡರಷ್ಟು. ಅದಕ್ಕೆ ಕೂತಿದ್ದೇನೆ."

ಅವರ ಪಕ್ಕದ ತೋಪಿನವರು ಮರದ ಮೇಲೆ ಹೂವಿರುವಾಗಲೇ ಗುತ್ತಿಗೆ ಕೊಟ್ಟುಬಿಟ್ಟಿದ್ದರಂತೆ. ಆ ವರ್ಷದ ಮಟ್ಟಿಗೆ ಅವರು ಬುದ್ಧಿವಂತರು, ನಷ್ಟ ಹೊತ್ತವನು ಗುತ್ತಿಗೆದಾರ. ಬೆಲೆ ಬಂದ ವರ್ಷ ಅವರೇ ದಡ್ಡರು. "ಮಾವು ಜೂಜಮ್ಮಾ" ಎಂದು ಅತ್ತೆಗೆ ಹೇಳಿದರು. ಅತ್ತೆ, "ಮತ್ತೆ ಕಡಿದು ಹಾಕುವುದಿಲ್ಲವಲ್ಲಪ್ಪಾ" ಎಂದರು. "ನಮ್ಮಪ್ಪ ನೆಟ್ಟದ್ದು" ಎಂದು ಅವರು ಸುಮ್ಮನಾದರು.

ನಂತರ ಅವರು ರಾಶಿಯೊಳಗೆ ಕೈ ಹಾಕಿ, ಮೂರು ನಾಲ್ಕನ್ನು ಸರಿಸಿ, ಒಂದು ಕಾಯಿಯನ್ನು ಆರಿಸಿ ತೆಗೆದರು. ಟವೆಲಿನಲ್ಲಿ ಒರೆಸಿದರು. ಸೊಂಟದಿಂದ ಸಣ್ಣ ಮಡಚುವ ಚಾಕು ತೆಗೆದು, ತೊಟ್ಟಿನ ಕಡೆಯಿಂದ ಒಂದು ತುಂಡು ಹಾರಿಸಿ, ಸೊನೆ ಇಳಿಯಲೆಂದು ಕಾಯಿಯನ್ನು ತಲೆಕೆಳಗಾಗಿ ಹಿಡಿದರು. ಸೊನೆ ಹನಿಹನಿಯಾಗಿ ಮಣ್ಣಿಗೆ ಬಿತ್ತು. ಅವರ ಮುಂಗೈಯಲ್ಲಿ, ಮೊಣಕೈವರೆಗೂ, ಹಳೆಯ ಸೊನೆ ಸುಟ್ಟ ಕಪ್ಪು ಕಲೆಗಳಿದ್ದವು. ಆಮೇಲೆ ಉದ್ದುದ್ದ ಹೋಳು ಮಾಡಿ ನಮ್ಮ ಅಂಗೈಗೆ ಇಟ್ಟರು. ಪಂಕ್ಚರ್ ಅಂಗಡಿಯ ಹುಡುಗ ಎಲ್ಲಿಂದಲೋ ಕಾಗದದ ಪೊಟ್ಟಣದಲ್ಲಿ ಉಪ್ಪು ಖಾರದಪುಡಿ ತಂದ. ಮೊಬೈಲಿನಿಂದ ಅವನು ತಲೆ ಎತ್ತಿದ್ದು ಆಗಲೇ.

ಅದು ದೋರೆಗಾಯಿ. ಕಾಯಿಯೂ ಅಲ್ಲ, ಹಣ್ಣೂ ಅಲ್ಲ. ಕಡಿದರೆ ಕಟಕ್ ಎನ್ನುತ್ತದೆ, ಅಗಿದರೆ ಹುಳಿಯ ಹಿಂದೆ ನಿಧಾನವಾಗಿ ಸಿಹಿ ಬರುತ್ತದೆ. ನಾನು ಶಾಲೆಯ ಗೇಟಿನ ಮುಂದೆ ಹೂವಿನಂತೆ ಕೊಯ್ದು ಕೊಡುತ್ತಿದ್ದ ಮಾವಿನಕಾಯಿಯನ್ನು ಎಷ್ಟು ತಿಂದವನು! ಅದೂ ತೋತಾಪುರಿಯೇ. ದೊಡ್ಡವನಾದ ಮೇಲೆ ಅದನ್ನು ಮಕ್ಕಳ ತಿಂಡಿ ಎಂದು ಬಿಟ್ಟೆ, ಬಾದಾಮಿ ತಿನ್ನುವವನಾದೆ. (ಬಾದಾಮಿ ಎಂದು ನಾವು ಕರೆಯುವುದನ್ನೇ ಧಾರವಾಡದ ಕಡೆ ಆಪೂಸು ಎನ್ನುತ್ತಾರೆ. ಎರಡೂ ಬೇರೆ ಜಾತಿ ಎಂದುಕೊಂಡು ಎರಡು ಬೆಲೆ ಕೊಟ್ಟು ಎರಡನ್ನೂ ತಂದ ಸ್ನೇಹಿತರು ನನಗಿದ್ದಾರೆ.)

ಈಗ ನಿಮ್ಮಲ್ಲಿ ಒಂದು ಕೋರಿಕೆ. ತೋತಾಪುರಿಯನ್ನು ಮನೆಗೆ ತನ್ನಿ. ಮಾವಿನಕಾಯಿ ಚಿತ್ರಾನ್ನಕ್ಕೆ ಇದಕ್ಕಿಂತ ಒಳ್ಳೆಯದು ಬೇಡ, ಹುಳಿ ಮಿತವಾಗಿದ್ದು ತುರಿ ಉದ್ದುದ್ದ ಬರುತ್ತದೆ. ತೊಕ್ಕು ಮಾಡಿದರೆ ಮಳೆಗಾಲ ಪೂರ್ತಿ ಮೊಸರನ್ನಕ್ಕಾಯಿತು. ಹಣ್ಣಾದ ಮೇಲೆ ಬಾದಾಮಿಯ ಹತ್ತಿರವೂ ಸುಳಿಯುವುದಿಲ್ಲ, ಆ ಸುಳ್ಳನ್ನು ನಾನು ಹೇಳಲಾರೆ. ಆದರೆ ಗೊಜ್ಜಿಗೆ, ಮಜ್ಜಿಗೆಹುಳಿಗೆ ಬಹಳ ಸೊಗಸು. ಒಂದು ಮನೆ ತಿಂಗಳಿಗೆ ಐದು ಕಿಲೋ ತಂದರೆ ಚಿತ್ತೂರಿನ ಗಡಿ ತೆರೆದುಕೊಳ್ಳುವುದಿಲ್ಲ, ಗೊತ್ತು. ಲಕ್ಷಾಂತರ ಟನ್ನಿನ ಸಮಸ್ಯೆಗೆ ಚಿತ್ರಾನ್ನ ಪರಿಹಾರವಲ್ಲ. ಅದಕ್ಕೆ ಕಾರ್ಖಾನೆ ಈ ಕಡೆಯೂ ಬರಬೇಕು, ಅದನ್ನು ಕೇಳಬೇಕಾದವರು ಕೇಳುತ್ತಿದ್ದಾರೆ. ಆದರೆ ಒಂದು ಕೋಟಿಗೂ ಮೀರಿದ ಜನ ಇರುವ ಊರು ನೂರು ಕಿಲೋಮೀಟರ್ ದೂರದ ಹಣ್ಣನ್ನು ಒಂದು ತಿಂಗಳು ಹೆಚ್ಚಾಗಿ ತಿಂದರೆ ಏನೂ ಆಗುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಹುಳದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎದುರು ಮನೆಯವರು ಅದನ್ನೇ ಎತ್ತುತ್ತಾರೆ. ಮಳೆ ಬಿದ್ದ ಮೇಲೆ ಹಣ್ಣುನೊಣದ ಕಾಟ ಹೆಚ್ಚುವುದು ನಿಜ. ಕೊಂಬೆಗೆ ಬಾಟಲಿ ಕಟ್ಟಿದ್ದು ಅದಕ್ಕೇ, ಕೆಲವರು ಒಂದೊಂದು ಕಾಯಿಗೂ ಕಾಗದದ ಚೀಲ ತೊಡಿಸುತ್ತಾರೆ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ಮಾವು ಅಭಿವೃದ್ಧಿ ಕೇಂದ್ರವೇ ಇದೆ, ಇಂಥ ವಿದ್ಯೆಗಳನ್ನು ರೈತರಿಗೆ ಹೇಳಿಕೊಡುತ್ತದೆ. ಹಾಗಿದ್ದೂ ಹತ್ತರಲ್ಲಿ ಒಂದರಲ್ಲಿ ಹುಳ ಬಂದೀತು. ಕೊಯ್ದು ನೋಡಿ, ಬಂದಿದ್ದರೆ ಅಷ್ಟನ್ನು ಎಸೆಯಿರಿ. ಏಪ್ರಿಲ್‌ನ ಬಂಗಾರದ ಬಣ್ಣದ ಹಣ್ಣಿನಲ್ಲಿ ಹುಳ ಇರುವುದಿಲ್ಲ, ಸರಿ. ಕ್ಯಾಲ್ಸಿಯಂ ಕಾರ್ಬೈಡ್ ಇದ್ದೀತು. ಕಾಯಿ ಹಣ್ಣು ಮಾಡುವುದಕ್ಕೆ ಅದನ್ನು ಬಳಸುವುದು ನಿಷಿದ್ಧ, ಅದರಲ್ಲಿ ಆರ್ಸೆನಿಕ್‌ನ ಅಂಶ ಇರುತ್ತದೆ ಎಂಬ ಕಾರಣಕ್ಕೆ. ಮಿತಿಯೊಳಗೆ ಎಥಿಲೀನ್ ಅನಿಲ ಬಳಸಲು ಕಾನೂನಿನಲ್ಲಿ ಅವಕಾಶವಿದೆ, ಅದು ಹಣ್ಣು ತಾನೇ ಬಿಡುಗಡೆ ಮಾಡುವ ಅನಿಲ. ಆದರೆ ಬಲಿಯದ ಕಾಯಿಗೆ ಯಾವ ಅನಿಲ ಕೊಟ್ಟರೂ ಬದಲಾಗುವುದು ಸಿಪ್ಪೆಯ ಬಣ್ಣ, ಒಳಗಿಲ್ಲದ ಸಿಹಿಯನ್ನು ಯಾರೂ ತುಂಬಲಾರರು.

ಬಲಿತದ್ದನ್ನು ಗುರುತಿಸುವುದು ಹೇಗೆಂದು ಅತ್ತೆ ಅಲ್ಲಿಯೇ ಪಾಠ ಮಾಡಿದರು. ತೊಟ್ಟಿನ ಅಕ್ಕಪಕ್ಕದಲ್ಲಿ ಭುಜ ಉಬ್ಬಿ ಮೇಲೆ ಬಂದಿರಬೇಕು, ತೊಟ್ಟು ಗುಳಿಯೊಳಗೆ ಕೂತಂತಿರಬೇಕು. ಬಕೆಟ್ ನೀರಿಗೆ ಹಾಕಿದರೆ ಮುಳುಗಬೇಕು, ತೇಲಿದರೆ ಎಳೆಯದು. ಹಸಿರಾಗಿದ್ದರೆ ಚಿಂತೆಯಿಲ್ಲ, ಮನೆಯಲ್ಲಿ ಹುಲ್ಲಿನಲ್ಲೋ ಹುಲ್ಲಿಲ್ಲದಿದ್ದರೆ ಹಳೆಯ ಪೇಪರಿನಲ್ಲೋ ಸುತ್ತಿ ಅಕ್ಕಿ ಡಬ್ಬದ ಪಕ್ಕ ಇಟ್ಟರೆ ಐದಾರು ದಿನದಲ್ಲಿ ತಾನೇ ಮಾಗುತ್ತದೆ. ದಿನಕ್ಕೊಮ್ಮೆ ತೆಗೆದು ನೋಡಬೇಕು, ಒತ್ತಬಾರದು, ಮೂಸಬೇಕು. "ಹಣ್ಣು ತನ್ನ ಹೊತ್ತನ್ನು ಮೂಗಿಗೆ ಹೇಳುತ್ತದೆ, ನೀವು ಹೆಬ್ಬೆರಳಿನಲ್ಲಿ ಕೇಳುತ್ತೀರಿ" ಎಂದರು ಅತ್ತೆ. ತಳ್ಳುಗಾಡಿಯವರು ಇದನ್ನು ಬರೆಸಿ ತೂಗುಹಾಕಬಹುದು.

ಚಕ್ರ ಸಿದ್ಧವಾಯಿತು. ಎರಡು ಇಂಚಿನ ಮೊಳೆ ಸಿಕ್ಕಿತ್ತು, ಅಂಗಡಿಯವನು ಅದನ್ನು ನನ್ನ ಕೈಗೇ ಕೊಟ್ಟ. ಹೊರಡುವಾಗ ಯಜಮಾನರಿಗೆ ದುಡ್ಡು ಕೊಡಹೋದೆ, ಕೈ ಹಿಂದೆ ಮಾಡಿಕೊಂಡರು. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನೋಟು ಜೇಬಿಗೆ ವಾಪಸು ಹೋಯಿತು. ಅತ್ತೆಯೇ, "ಹತ್ತು ಕಿಲೋ ತೂಗಿ ಕೊಡಿ, ಕೊಟ್ಟು ತೆಗೆದುಕೊಳ್ಳುತ್ತೇವೆ" ಎಂದರು. ತಕ್ಕಡಿ ಇಲ್ಲ, ಅಂದಾಜಿನಲ್ಲಿ ಒಂದು ಚೀಲ ತುಂಬಿಸಿ, ಅತ್ತೆ ಹೇಳಿದಷ್ಟು ತೆಗೆದುಕೊಂಡರು. ಮಂಡಿಯ ಬೆಲೆಗಿಂತ ಅದು ಎಷ್ಟು ಹೆಚ್ಚೆಂದು ಅವರ ಮುಖ ನೋಡಿದಾಗ ತಿಳಿಯಿತು, ಬೆಂಗಳೂರಿನ ಬೆಲೆಗಿಂತ ಎಷ್ಟು ಕಡಿಮೆಯೆಂದು ನನ್ನ ಮುಖ ಹೇಳಿರಬೇಕು.

ಕಾರು ಹತ್ತುವಾಗ ಅವರು ಟ್ರ್ಯಾಕ್ಟರಿನ ಸೀಟಿನ ಕೆಳಗಿನಿಂದ ಪೇಪರಿನಲ್ಲಿ ಸುತ್ತಿದ ಮೂರು ಹಣ್ಣು ತೆಗೆದು ನನ್ನ ಕೈಗಿಟ್ಟರು. ಬಾದಾಮಿ. ಮನೆಗೆಂದು ಇಟ್ಟುಕೊಂಡದ್ದು, ಮನೆಯ ಹಿಂದಿನ ಒಂದೇ ಮರದ್ದು.

"ಇವತ್ತು ತಿನ್ನಬೇಡಿ. ಶುಕ್ರವಾರ ತಿನ್ನಿ."

ಅವರ ಟ್ರ್ಯಾಕ್ಟರ್ ಅಷ್ಟು ಹೊತ್ತಿನಲ್ಲಿ ಎರಡು ಗಾಡಿಯಷ್ಟು ಮುಂದೆ ಹೋಗಿತ್ತು. ಅದು ಆ ಸಂಜೆ ಖಾಲಿಯಾಯಿತೋ ಇಲ್ಲವೋ ನನಗೆ ತಿಳಿಯದು. ಹೆಸರು ಕೇಳಿರಲಿಲ್ಲ, ಫೋನ್ ನಂಬರ್ ತೆಗೆದುಕೊಳ್ಳಬೇಕೆಂದು ಹೊಳೆದದ್ದು ಕೋಲಾರ ಬಂದ ಮೇಲೆ.

ಇವತ್ತು ನಿಮಗೆ ಇದನ್ನು ಬರೆಯುತ್ತಿರುವುದು ನಮ್ಮ ಬೀದಿಗೆ ಈ ವರ್ಷದ ಮೊದಲ ಗಾಡಿ ಬಂದದ್ದಕ್ಕೆ. ಹಣ್ಣಿಗೆ ಒಂದೂ ಕಲೆಯಿಲ್ಲ, ಎಲ್ಲವೂ ಒಂದೇ ಹಳದಿ, ಒಂದೇ ಅಳತೆ. ನಾನು ಮೂಸಿ ನೋಡಿದೆ, ಏನೂ ಬರಲಿಲ್ಲ. ಗಾಡಿಯವನನ್ನು ದೂರುವುದಿಲ್ಲ, ಮಧ್ಯಾಹ್ನದೊಳಗೆ ಆರು ಮನೆಯವರು ಕೊಂಡದ್ದನ್ನು ಮಹಡಿಯಿಂದ ನಾನೇ ನೋಡಿದ್ದೇನೆ. ನಮ್ಮ ಮನೆಯಲ್ಲಿ ಈ ಸಲ ಮೇ ಹದಿನೈದರ ನಂತರ ಎಂದು ತೀರ್ಮಾನವಾಗಿದೆ. ಮಕ್ಕಳು ಒಪ್ಪಿಲ್ಲ, ಮಾತುಕತೆ ನಡೆದಿದೆ. ಜೂನ್ ಎರಡನೆಯ ಭಾನುವಾರ ನಾನು ಕಾರು ತೆಗೆದುಕೊಂಡು ಶ್ರೀನಿವಾಸಪುರಕ್ಕೆ ಹೋಗುವವನಿದ್ದೇನೆ, ಸ್ಟೆಪ್ನಿಗೆ ಗಾಳಿ ಹಾಕಿಸಿಕೊಂಡು. ಡಿಕ್ಕಿಯಲ್ಲಿ ಜಾಗವಿದೆ. ಬೇಕಾದವರು ಚೀಲ ಕೊಟ್ಟಿರಿ, ಜೊತೆಗೆ ಬರುವವರಾದರೆ ಇನ್ನೂ ಒಳ್ಳೆಯದು. ದಾರಿಯಲ್ಲಿ ಟ್ರ್ಯಾಕ್ಟರ್ ಕಂಡರೆ ನಿಲ್ಲಿಸೋಣ. ಬೆಲೆ ಮಾತಾಡುವುದಕ್ಕೆ ಅತ್ತೆಯನ್ನು ಕೋಲಾರದಲ್ಲಿ ಹತ್ತಿಸಿಕೊಳ್ಳುತ್ತೇನೆ. ಚೌಕಾಸಿ ಮಾಡುವವರಿಗೆ ಕಾರಿನಲ್ಲಿ ಜಾಗವಿಲ್ಲವೆಂದು ಅವರ ಅಪ್ಪಣೆಯಾಗಿದೆ.

ಆ ಮೂರು ಬಾದಾಮಿಯ ವಿಷಯ ಹೇಳದಿದ್ದರೆ ಈ ಪತ್ರ ಅಪ್ರಾಮಾಣಿಕವಾಗುತ್ತದೆ. ಹಣ್ಣುಗಳನ್ನು ಅಕ್ಕಿ ಡಬ್ಬದ ಪಕ್ಕ ಇಟ್ಟಿದ್ದೆ. ಬುಧವಾರ ಅಡುಗೆಮನೆಗೆ ವಾಸನೆ ಬರತೊಡಗಿತು. ಗುರುವಾರ ರಾತ್ರಿ ಊಟವಾದ ಮೇಲೆ, ಎಲ್ಲರೂ ಮಲಗಿದ್ದಾಗ, ಒಬ್ಬನೇ ನಿಂತು ಒಂದನ್ನು ಕೊಯ್ದೆ. ಚೆನ್ನಾಗಿಯೇ ಇತ್ತು, ಆದರೆ ವಾಟೆಯ ಹತ್ತಿರ ಹೋದಂತೆ ಹುಳಿ, ಸ್ವಲ್ಪ ಬಿಳಿಚು. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಹಾಕಿದೆ. ಉಳಿದ ಎರಡನ್ನು ಮಾರನೆಯ ದಿನ ಸಂಜೆ ನನ್ನ ಹೆಂಡತಿ ಕೊಯ್ದಳು. ಮಕ್ಕಳು ತಟ್ಟೆಯನ್ನೂ ನೆಕ್ಕಿದರು, ನನಗೆ ವಾಟೆ ಸಿಕ್ಕಿತು.

ಇಂತಿ,
ನಿಮ್ಮದೇ ಬೀದಿಯ, ಮೂರನೆಯ ಮಹಡಿಯವನು